ಅಟ್ಟದ ಮೇಲೆ ಸಿಕ್ಕ ಸೀದ ಪಾತ್ರೆಗಳು

ನಮ್ಮ ಮನೆಯ ಮುದ್ದೆ ಪಾತ್ರೆ ಕಾಣೆಯಾಗಿದೆ ಎಂದು ಗೊತ್ತಾದದ್ದು ಒಂದು ಬೆಳಗ್ಗೆ, ಎಸರಿಡಲು ಹೋದಾಗ. ಅದು ನಮ್ಮ ಅತ್ತೆಯ ಕಾಲದ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ. ನಮ್ಮ ಕಡೆ ಅದಕ್ಕೆ ಸಿಲ್ವರ್ ಪಾತ್ರೆ ಎನ್ನುತ್ತೇವೆ. ಅತ್ತೆ ತೀರಿಕೊಂಡ ಮೇಲೆ ಆ ಅಡುಗೆಮನೆಯಲ್ಲಿ ಇದ್ದವರು ನಾವಿಬ್ಬರೇ, ನಾನು ಮತ್ತು ನನ್ನ ಭಾವನ ಹೆಂಡತಿ. ಅವಳನ್ನು ನಾನು ಅಕ್ಕ ಎಂದೇ ಕರೆಯುವುದು. ಐವತ್ತು ದಾಟಿದ್ದಳು ಅಷ್ಟೆ, ತಲೆಯಲ್ಲಿ ಬಿಳಿಕೂದಲು ಹುಡುಕಬೇಕಿತ್ತು.

"ಮುದ್ದೆ ಪಾತ್ರೆ ಎಲ್ಲಕ್ಕಾ?" ಎಂದೆ.

"ಯಾರೋ ಇಸ್ಕೊಂಡು ಹೋದ್ರು ಕಣೇ. ತಂದ್ಕೊಡ್ತಾರೆ ಬುಡು."

ಯಾರು ಎಂದು ಕೇಳಿದರೆ ನಕ್ಕು ಒಳಗೆ ಹೋದಳು. ಒಂದು ಸೌಟು ಎರವಲು ಹೋದರೂ ಸಂಜೆಯೊಳಗೆ ಅವರ ಬಾಗಿಲಿಗೆ ಹೋಗಿ ಇಸಿದುಕೊಂಡು ಬರುತ್ತಿದ್ದವಳು ಅವಳು. ಆಮೇಲೆ ಹಾಲಿನ ಪಾತ್ರೆ ಹೋಯಿತು. ಸಾರಿನ ಪಾತ್ರೆಯೂ ಹೋಯಿತು. ಪ್ರತಿ ಸಲವೂ ಅದೇ ಉತ್ತರ, ಅದೇ ನಗು. ಒಂದೆರಡು ಸಲ ಹಿತ್ತಲಿನಿಂದ ಒಳಗೆ ಬಂದಾಗ ಸೀದ ವಾಸನೆ ಮೂಗಿಗೆ ಬಡಿದಿತ್ತು. ಒಲೆಯ ಮೇಲೆ ನೋಡಿದರೆ ಏನೂ ಇರುತ್ತಿರಲಿಲ್ಲ.

ನಮ್ಮದು ಹಳೆಯ ಮನೆ. ಅಡುಗೆಮನೆಯ ನೆತ್ತಿಯ ಮೇಲೇ ಮರದ ಅಟ್ಟ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುವವರೆಗೆ ತೆಂಗಿನಕಾಯಿ ಹೆಚ್ಚು ಕಡಿಮೆ ವರ್ಷವಿಡೀ ಅಲ್ಲೇ ಬಿದ್ದಿರುತ್ತದೆ. ಆ ಬೇಸಿಗೆ ಇಲಿಯ ಕಾಟ ಹೆಚ್ಚಾಗಿತ್ತು. ಒಂದು ಮಧ್ಯಾಹ್ನ ನೋಡಿ ಬರೋಣವೆಂದು ಏಣಿ ಹತ್ತಿದೆ. ಕಾಯಿ ರಾಶಿಯ ಹಿಂದೆ ಗೋಣಿಚೀಲಗಳ ಮೇಲೆ ನಮ್ಮ ಪಾತ್ರೆಗಳೆಲ್ಲ ಸಾಲಾಗಿ ಕೂತಿದ್ದವು.

ಒಂದರಲ್ಲಿ ಹಾಲು ಸೀದು ಇದ್ದಿಲಿನ ಹಾಗೆ ಹೆಪ್ಪುಗಟ್ಟಿತ್ತು. ಇನ್ನೊಂದರ ತಳ ಕಾದು ಕಾದು ಉಬ್ಬಿಕೊಂಡಿತ್ತು. ಮುದ್ದೆ ಪಾತ್ರೆಯಲ್ಲಿ ನೀರು ಪೂರ್ತಿ ಇಂಗಿದ ಮೇಲೂ ಬೆಂಕಿ ಉರಿದಿತ್ತೇನೋ, ಒಳಗೆಲ್ಲ ಕಪ್ಪು ಕಲೆ. ಕೊನೆಯದನ್ನು ಮುಟ್ಟಿದವಳು ಕೈ ಹಿಂದಕ್ಕೆ ಎಳೆದುಕೊಂಡೆ. ಅದು ಇನ್ನೂ ಬಿಸಿಯಾಗಿತ್ತು. ಎತ್ತಿ ನೋಡಿದರೆ ಕೆಳಗಿನ ಗೋಣಿಚೀಲ ಪಾತ್ರೆಯ ತಳದಷ್ಟೇ ಗುಂಡಗೆ ಕಂದಿಹೋಗಿತ್ತು. ಪಕ್ಕದ ಚೀಲಗಳ ಮೇಲೂ ಅಂಥವೇ ಗುರುತುಗಳಿದ್ದವು. ಸುತ್ತ ಒಣಕಾಯಿ, ಒಣ ಸಿಪ್ಪೆ, ಒಣಗಿದ ಮರ. ಆ ಬಿಸಿ ಪಾತ್ರೆಯನ್ನೇ ಮೊದಲು ಕೆಳಗಿಳಿಸಿದೆ.

ಪಾತ್ರೆಗಳನ್ನು ಹಿತ್ತಲಿನ ನಲ್ಲಿ ಹತ್ತಿರ ತಂದಿಟ್ಟೆ. ಹುಣಸೆಹಣ್ಣಿನ ನೀರು ಹಾಕಿ ಒಂದೊಂದನ್ನೇ ಕುದಿಸಿ, ನೆನೆಯಲು ಬಿಟ್ಟು, ಮರದ ಸೌಟಿನಿಂದ ಹೆರೆಯತೊಡಗಿದೆ. ಅಕ್ಕ ಬಂದು ಬೆನ್ನ ಹಿಂದೆ ನಿಂತಳು. ನಾನು ತಲೆಯೆತ್ತದೆ ಹೆರೆಯುತ್ತಲೇ ಇದ್ದೆ.

"ಯಾರ ಮನೇವು ಕಣೇ ಇವು? ಹಿಂಗಾ ಸೀಸೋದು? ಎಂಥ ಹೆಂಗಸಪ್ಪಾ ಅವಳು!"

ನಟನೆಯಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸೀರೆ ಎತ್ತಿ ಸಿಕ್ಕಿಸಿಕೊಂಡು ನನ್ನ ಎದುರಿಗೇ ಕೂತಳು. ನಾನು ಸೋಡಾ ಪುಡಿಗೆ ಕೈ ಹಾಕಿದ್ದೇ ತಡೆದಳು. "ಅದ್ ಹಾಕ್ಬೇಡ, ಸಿಲ್ವರ್ ಇನ್ನೂ ಕರ್ರಗಾಯ್ತದೆ. ನಾರು ತಗೋ, ಹುಣಸೆಹಣ್ಣು ತಗೋ, ಮೆಲ್ಲಗೆ ತಿಕ್ಕು." ಅವಳ ಕೈಗೆ ಎಲ್ಲ ನೆನಪಿತ್ತು. ಸಾಯಂಕಾಲದ ಹೊತ್ತಿಗೆ ಪಾತ್ರೆಗಳು ಬೆಳ್ಳಗಾದವು, ಆಳಕ್ಕೆ ಹಿಡಿದ ಕೆಲವು ಕಲೆಗಳು ಮಾತ್ರ ಹೋಗಲಿಲ್ಲ. "ಹೋಗಿ ಕೊಟ್ ಬಾ ಅವ್ರಿಗೆ. ನಾನ್ ತಿಕ್ದೆ ಅಂತ ಹೇಳ್ಬೇಡ, ನೊಂದ್ಕೊಂಡಾರು," ಎಂದು ಒಳಗೆ ಹೋದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಅಕ್ಕನನ್ನು ಡಾಕ್ಟರಿಗೆ ತೋರಿಸೋಣ ಎಂದಾಗ ಭಾವ ಮೊದಲು ರೇಗಿದರು. "ಪಾತ್ರೆ ಸೀದಿದ್ದಕ್ಕೆಲ್ಲಾ ಡಾಕ್ಟ್ರತ್ರ ಹೋಗ್ತಾರೇನಮ್ಮ?"

ನಾನು ಆ ಗೋಣಿಚೀಲಗಳನ್ನು ತಂದು ಅವರ ಮುಂದೆ ಹಾಸಿದೆ. ಅವರು ಕಂದಿದ ಗುರುತಿನ ಮೇಲೆ ಅಂಗೈ ಇಟ್ಟರು. ತಲೆಯೆತ್ತಿ ಅಟ್ಟ ನೋಡಿದರು. ಮಾರನೆಯ ದಿನವೇ ತುಮಕೂರಿಗೆ ಕರೆದುಕೊಂಡು ಹೋದರು.

ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರು ಹೇಳಿದ್ದು ಇಷ್ಟು: ಇದು ಮರೆವಿನ ಕಾಯಿಲೆ, ಕೆಲವರಿಗೆ ಈ ವಯಸ್ಸಿಗೇ ಬರುತ್ತದೆ. ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದು, ಹೋದದ್ದು ವಾಪಸು ಬರುವುದಿಲ್ಲ. ಅಕ್ಕ ಪಕ್ಕದಲ್ಲೇ ಕೂತು, ಬೇರೆ ಯಾರದೋ ವಿಷಯ ಕೇಳುವಂತೆ "ಅಯ್ಯೋ ಪಾಪ" ಎಂದಳು.

ಬಂದ ವಾರವೇ ಗಂಡಸರು ಅಟ್ಟ ಖಾಲಿ ಮಾಡಿ ಕಾಯನ್ನೆಲ್ಲ ತೋಟದ ಶೆಡ್ಡಿಗೆ ಸಾಗಿಸಿದರು. ಅಡುಗೆಯಾದ ಮೇಲೆ ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ನನ್ನ ಬೀರುವಿನಲ್ಲಿಡುತ್ತೇನೆ. ಸೌದೆ ಒಲೆ ಹಚ್ಚುವುದನ್ನೇ ಬಿಟ್ಟಿದ್ದೇವೆ. ಅಕ್ಕ ದಿನವೆಲ್ಲ ಮನೆಯೊಳಗೆ ಓಡಾಡುತ್ತಾಳೆ, ಡಬ್ಬಗಳ ಮುಚ್ಚಳ ತೆಗೆದು ನೋಡುತ್ತಾಳೆ. ಏನು ಬೇಕಕ್ಕಾ ಎಂದರೆ, "ನೆಂಟರು ಬತ್ತಾವ್ರೆ, ಒಲೆ ಹಚ್ಬೇಕು" ಎನ್ನುತ್ತಾಳೆ.

ಮೊನ್ನೆ ಅವಳ ಸೀರೆ ಒಗೆಯಲು ತೆಗೆದುಕೊಂಡೆ. ಸೆರಗಿನ ತುದಿಯಲ್ಲಿ ಗಂಟಿತ್ತು. ಬಿಚ್ಚಿದರೆ ಒಂದು ಬೆಂಕಿಪೊಟ್ಟಣ. ನಾವು ಅಂಗಡಿಯಿಂದ ತರುವ ಗುರುತಿನದಲ್ಲ, ಯಾರ ಮನೆಯಿಂದ ತಂದಳೋ ತಿಳಿಯದು. ಒಳಗೆ ಅರ್ಧದಷ್ಟು ಕಡ್ಡಿಗಳಿರಲಿಲ್ಲ. ನಾನು ಒದ್ದೆ ಕೈಯಲ್ಲೇ ಎದ್ದು ಮನೆಯ ಮೂಲೆ ಮೂಲೆ, ಹುಲ್ಲಿನ ಮೆದೆ, ಕೊಟ್ಟಿಗೆ, ಸಿಪ್ಪೆಯ ರಾಶಿ ಎಲ್ಲ ಸುತ್ತಿ ಬಂದೆ. ಗೀರಿದ ಕಡ್ಡಿ ಒಂದೂ ಸಿಗಲಿಲ್ಲ.