ಖಾಲಿ ಜಾಗಕ್ಕೆ ಬೆರಳಿಟ್ಟ ನೆಜು

ನೆಜು ನಮ್ಮ ಜಪಾನಿನ ರೈಲಿನಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತಿಯಾದರೂ ಕಂಡದ್ದಕ್ಕೆಲ್ಲ ಬೆರಳು ತೋರಿಸಿ, ಅದರ ಹೆಸರು ಕೂಗಿ ಹೇಳುವ ರೈಲ್ವೆ ಅಭ್ಯಾಸ ಬಿಟ್ಟಿಲ್ಲ. ಈಗ ಊರಿನ ಸಮುದಾಯ ಭವನದಲ್ಲಿ ನನ್ನಂಥ ಮುದುಕಿಯರಿಗೆ ಕಂಪ್ಯೂಟರ್ ಸ್ಕ್ರಿಪ್ಟ್, ಅಂದರೆ ಯಂತ್ರ ಸಾಲುಸಾಲಾಗಿ ಪಾಲಿಸುವ ಆಜ್ಞೆಗಳನ್ನು ಬರೆಯಲು ಕಲಿಸುತ್ತಾರೆ.

ನನ್ನ ಉಪ್ಪಿನಕಾಯಿ ಕೋಣೆಯ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಲು ಒಂದು ಸ್ಕ್ರಿಪ್ಟ್ ಬರೆದಿದ್ದೆ. ಫ್ಯಾನಿನ ಸ್ಥಿತಿ ಕೇಳುವ ಕಮಾಂಡಿಗೆ ಬರುವ ಉತ್ತರ "ಚಾಲೂ". ಅದಕ್ಕೆ ಹೋಲಿಸಲು ನಾನು ಬರೆದದ್ದೂ "ಚಾಲೂ". ಆದರೂ ಎರಡೂ ಬೇರೆ ಬೇರೆ ಎನ್ನುತ್ತದೆ ಆ ದರಿದ್ರ ಯಂತ್ರ!

"ಇದಕ್ಕೇನು ಕಣ್ಣಿಲ್ವಾ?" ಎಂದು ರೇಗಿದೆ.

ನೆಜು ನನ್ನ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಗಿದರು. ಕೊನೆಯ ಅಕ್ಷರ ದಾಟಿದರೂ ಬೆರಳು ನಿಲ್ಲಲಿಲ್ಲ. "ಖಾಲಿ ಜಾಗ, ಒಂದು!"

"ಅಲ್ಲೇನೂ ಇಲ್ವಲ್ರೀ."

"ನಿಮಗೆ ಕಾಣಲ್ಲ, ಅಷ್ಟೆ. ನಮ್ಮ ಜಪಾನಿ ಕೀಲಿಮಣೆ ಬಿಡೋ ಅಗಲದ ಜಾಗ ಅದು. ಯಂತ್ರ ಅದನ್ನೂ ಅಕ್ಷರ ಅಂತಲೇ ಲೆಕ್ಕಕ್ಕೆ ಹಿಡಿಯುತ್ತೆ."

ಅಳಿಸಿದೆ. ಎರಡೂ ಒಂದೇ ಎಂದಿತು ಯಂತ್ರ.

ಅಷ್ಟರಲ್ಲಿ ಬಾಗಿಲ ಬಳಿ ಅನ್ನದುಂಡೆಯ ಡಬ್ಬಿ ಹಿಡಿದಿದ್ದ ಅವರ ಹೆಂಡತಿ ಫುಸಾಕೊ, "ಆಗ್ಲಿಂದ ಇಲ್ಲೇ ನಿಂತಿದೀನಿ. ನಾನೂ ಖಾಲಿ ಜಾಗಾನೇನು?" ಎಂದರು.

ನೆಜು ಎದ್ದು ನೆಟ್ಟಗೆ ನಿಂತು, ಬೆರಳು ಚಾಚಿ, ಇಡೀ ಭವನಕ್ಕೆ ಕೇಳುವಂತೆ ಕೂಗಿದರು: "ಹೆಂಡತಿ, ಹಾಜರ್!"