ಒಂದು ಚೊಂಬು ಫಿಲ್ಟರ್ ನೀರು

ಪಕ್ಕದ ಮನೆಯ ಡ್ರೈವರ್ ಮಾಮನ ಹಿಮ್ಮಡಿಯ ಬಿರುಕುಗಳಲ್ಲಿ ಕೆಂಪು ಮಣ್ಣು ಕೂತಿತ್ತು. ಗಣಿಯಲ್ಲಿ ಡಂಪರ್ ಓಡಿಸುವುದು ಬಿಟ್ಟು ಎಂಟು ವರ್ಷವಾಗಿದ್ದರೂ, ದಿನಾ ಕಲ್ಲಿನಿಂದ ಉಜ್ಜಿ ತೊಳೆದರೂ ಅದು ಹೋಗಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಆ ಪಾದಗಳು ನಮ್ಮ ಹೊಸ್ತಿಲಾಚೆ ಬಂದು ನಿಂತರೆ ಕೈಯಲ್ಲಿ ಸ್ಟೀಲ್ ಚೊಂಬು ಇದ್ದೇ ಇರುತ್ತಿತ್ತು.

“ಟೀಚರಮ್ಮ, ಒಂದು ಚೊಂಬು ಫಿಲ್ಟರ್ ನೀರು ಕೊಡ್ರಿ. ನಮ್ಮ ಮಂದಿಗೆ ನೀರು ಇಳದೈತಿ.”

ಅವರ ಮಂದಿ ಎಂದರೆ ಅಕ್ವೇರಿಯಂನ ಆರು ಮೀನು. ಹೆಂಡತಿ ತೀರಿಕೊಂಡ ಮೇಲೆ ಸಂಡೂರಿನ ಆ ಬಾಡಿಗೆ ಮನೆಯಲ್ಲಿ ಅವರಿಗೆ ಜೊತೆ ಅಷ್ಟೇ. ಬೋರ್ ನೀರನ್ನೇ ಸುರಿಯುತ್ತ ಹೋದರೆ, ನೀರು ಆವಿಯಾಗಿ ಆರಿದರೂ ಅದರ ಉಪ್ಪು ಒಳಗೇ ಉಳಿಯುತ್ತದೆ, ಉಪ್ಪು ತೆಗೆದ ಫಿಲ್ಟರ್ ನೀರೇ ಹಾಕಬೇಕು ಎಂದು ಹೇಳಿಕೊಟ್ಟವಳು ನಾನೇ. ವಿಜ್ಞಾನದ ಟೀಚರಲ್ಲವೇ! ಚೊಂಬು ತುಂಬುವಷ್ಟರಲ್ಲಿ ಅವರು ಅರ್ಧ ಕಪ್ ಚಹಾ ಕುಡಿದು, ಇಳಿಜಾರಿನಲ್ಲಿ ಡಂಪರಿನ ಬ್ರೇಕು ಹೋದ ಕಥೆಯನ್ನು ಮತ್ತೊಮ್ಮೆ ಹೇಳುತ್ತಿದ್ದರು. ಶಾಲೆಗೆ ತಡವಾಗುತ್ತದೆಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ. ನಾನೂ ಒಂಟಿಯೇ. ಆದರೂ ಅದು ನನಗೆ ಕಿರಿಕಿರಿ ಎನಿಸುತ್ತಿತ್ತು, ನೋಡಿ.

ಒಂದು ಮಳೆಗಾಲ ಮುಖ ಸಪ್ಪಗೆ ಮಾಡಿಕೊಂಡು ಬಂದರು. “ನಮ್ಮಾಕಿ ಫೋಟೋಕ್ಕ ಬೂಸ್ಟು ಹತ್ತೈತ್ರಿ.”

ಹೋಗಿ ನೋಡಿದೆ. ಅದಿರಿನ ಲಾರಿಗಳ ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿಬಿಟ್ಟಿದ್ದರು. ತೆರೆದ ಮೀನಿನ ತೊಟ್ಟಿಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಆರಿದ ನೀರೆಲ್ಲ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಗೆ ಹತ್ತಿ, ಸುಣ್ಣ ಹಪ್ಪಳದಂತೆ ಎದ್ದಿತ್ತು. ಫೋಟೋದಲ್ಲಿ ಅವರ ಹೆಂಡತಿಯ ಗಲ್ಲದವರೆಗೂ ಬೂಷ್ಟು ಬಂದಿತ್ತು.

ನನಗೆ ಎಲ್ಲಿಲ್ಲದ ಹುರುಪು. ಭಾನುವಾರ ಹೊಸಪೇಟೆಗೆ ಹೋಗಿ, ಗಾಳಿಯಾಡಲು ಸಣ್ಣ ಸಂದಿ ಬಿಟ್ಟು ಗಾಜಿನ ಮುಚ್ಚಳ ಕೊಯ್ಯಿಸಿ ತಂದೆ. ತೊಟ್ಟಿಯನ್ನು ಫ್ಯಾನಿನಿಂದ ದೂರ ಸರಿಸಿದೆವು. ಗುಳ್ಳೆ ಬಿಡುವ ಮೋಟರಿನ ರಭಸ ತಗ್ಗಿಸಿದೆ. ಮಧ್ಯಾಹ್ನ ಲಾರಿ ಕಡಿಮೆ ಇರುವಾಗ ಒಂದು ತಾಸು ಕಿಟಕಿ ತೆಗೆಯಿರಿ ಎಂದೆ. ಹದಿನೈದು ದಿನದಲ್ಲಿ ಗೋಡೆ ಒಣಗಿತು. ಮಾಮ ಫೋಟೋ ಒರೆಸಿಟ್ಟು, “ಭಾಳ ಶ್ಯಾಣ್ಯಾರ್ರಿ ನೀವು. ಆಕಿ ಮತ್ತ ನಗಾಕತ್ಯಾಳ” ಎಂದರು. ನಾನು ಉಬ್ಬಿಹೋದೆ. ತರಗತಿಯಲ್ಲೂ ಕೊಚ್ಚಿಕೊಂಡೆ.

ನಾಲ್ಕು ದಿನ ಬಿಟ್ಟು ಮತ್ತೆ ಚೊಂಬು ಹಿಡಿದು ಬಂದರು.

“ಅಲ್ರಿ ಮಾಮಾ, ಈಗ ನೀರು ಇಳಿಯಂಗಿಲ್ಲಲ್ಲ?” ಎಂದೆ, ಗೆದ್ದವಳ ಹಾಗೆ.

ಅವರು ಖಾಲಿ ಚೊಂಬಿನೊಳಗೆ ನೋಡಿದರು. “ಹೌದಲ್ಲ... ಮರತಬಿಟ್ಟಿದ್ದೆ ನೋಡ್ರಿ” ಎಂದು ಹಿಂತಿರುಗಿದರು. ಚಹಾ ಕುಡಿದು ಹೋಗಿ ಎನ್ನಬೇಕೆಂದು ನನಗೆ ಹೊಳೆಯಲೇ ಇಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಆಮೇಲೆ ಅವರು ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ “ಆರಾಮೇನ್ರಿ?” “ಆರಾಮ್ರಿ”, ಅಷ್ಟೇ. ರೂಢಿಯಂತೆ ಹೆಚ್ಚಿಗೆ ಕಾಸಿದ ಅರ್ಧ ಕಪ್ ಚಹಾವನ್ನು ಎಷ್ಟೋ ದಿನ ಬಚ್ಚಲಿಗೆ ಚೆಲ್ಲಿದೆ, ಕರೆಯಲಿಲ್ಲ. ಎಂಥ ಕಲ್ಲು ಮನಸ್ಸು ನನ್ನದು! ದೀಪಾವಳಿ ಕಳೆದ ವಾರ ಅವರು ಮಲಗಿದಲ್ಲೇ ಹೋದರು.

ಮನೆ ಖಾಲಿ ಮಾಡಲು ಕಂಪ್ಲಿಯಿಂದ ಬಂದ ಮಗಳು ಅಡುಗೆಮನೆಯಿಂದ ಒಂದು ಫಿಲ್ಟರ್ ಕಳಚಿ ತಂದಳು. ನಾನು ಆ ಮನೆಯ ಪಡಸಾಲೆ ದಾಟಿ ಒಳಗೆ ಹೋದವಳಲ್ಲ.

“ಇದು ಕೆಟ್ಟಿತ್ತೇನವ್ವ?” ಎಂದು ಕೇಳಿದೆ.

“ಇಲ್ರಿ ಅಕ್ಕಾ, ಛಲೋ ಐತಿ. ನಾನ ಹಾಕ್ಸಿ ಎರಡು ವರ್ಷಾತು. ಅಪ್ಪ ದಿನಾ ಇದ್ರ ನೀರ ಕುಡೀತಿದ್ದ.”

ಮೀನುಗಳ ಸಮೇತ ತೊಟ್ಟಿಯನ್ನು ನಾನೇ ಇಟ್ಟುಕೊಂಡಿದ್ದೇನೆ. ಮುಚ್ಚಳ ಬಾಗಿಲ ಹಿಂದೆ ಒರಗಿದೆ. ಕಿಟಕಿ ತೆರೆದಿಡುತ್ತೇನೆ, ನೀರು ಇಳಿಯುತ್ತದೆ. ಪಕ್ಕದ ಮನೆಗೆ ಈಗ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದಿದ್ದಾರೆ. ನಿನ್ನೆ ಬೆಳಿಗ್ಗೆ ಚೊಂಬು ಹಿಡಿದು ಅವರ ಬಾಗಿಲು ತಟ್ಟಿದೆ. ನಾಚಿಕೆಯಿಂದ ಚೊಂಬನ್ನು ಸೆರಗಿನ ಮರೆಗೆ ಸರಿಸಿದೆ. ಆ ಹುಡುಗಿ “ಏನ್ ಬೇಕಾಗಿತ್ರಿ?” ಎಂದಳು.

“ಒಂದು ಚೊಂಬು ಫಿಲ್ಟರ್ ನೀರು ಕೊಡ್ತೀಯೇನವ್ವ?” ಎಂದೆ.

ನಮ್ಮ ಅಡುಗೆಮನೆಯಲ್ಲಿ ಫಿಲ್ಟರ್ ತುಂಬಿ ನಿಂತಿತ್ತು.