ಬೇರೆಯವರ ಹೆಸರಿನಲ್ಲಿ ನನ್ನ ರಕ್ತ

ಮಲೇರಿಯಾ ಇಲಾಖೆಯಲ್ಲಿ ನಾನು ಮೂರು ವರ್ಷ ನಡೆದೆ. ಕೆಲಸವೆಂದರೆ ನಡೆಯುವುದೇ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಬೇಕು, ಯಾರಿಗಾದರೂ ಜ್ವರ ಬಂದಿತ್ತೇ ಎಂದು ಕೇಳಬೇಕು. ಬಂದಿದ್ದರೆ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ತುಂಡಿನ ಮೇಲೆ ಸವರಿ ಒಣಗಿಸಬೇಕು, ನಂಬರು ಬರೆಯಬೇಕು, ನಾಲ್ಕು ಕಹಿ ಮಾತ್ರೆ ನುಂಗಿಸಬೇಕು, ಗೋಡೆಯ ಮೇಲೆ ತಾರೀಕು ಹಾಕಿ ಹೊರಡಬೇಕು. ಎಂಟನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟವನಿಗೆ ಇದೇ ದೊಡ್ಡ ಸರಕಾರಿ ಕೆಲಸ.

ನನ್ನ ಮನೆ ಪುತ್ತೂರಿನ ದರ್ಬೆಯಲ್ಲಿ, ಆಫೀಸೂ ಪುತ್ತೂರಿನಲ್ಲೇ. ನನಗೆ ಕೊಟ್ಟ ಊರು ಕೊಲ್ಲಮೊಗ್ರು ಕಡೆ. ಗುತ್ತಿಗಾರಿನವರೆಗೆ ಬಸ್ಸು, ಅಲ್ಲಿಂದ ಮುಂದೆ ಕಾಲು. ಅಲ್ಲಿ ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಸುತ್ತದೆ, ಆದರೆ ಹೋಗಿ ಮುಟ್ಟಲು ಅರ್ಧ ಗಂಟೆ ಬೇಕು. ನಡುವೆ ನೀರು ಹರಿಯುವ ಒಂದು ತೋಡು, ಒಂದು ಏರು, ಮತ್ತೆ ಒಂದು ನಾಯಿ.

ಜನ ನನ್ನನ್ನು ಕಂಡು ನಗುತ್ತಿದ್ದರು. ಒಬ್ಬ ಅಜ್ಜನಂತೂ ನಾನು ಬೇಲಿಯ ತಡಮೆ ದಾಟುವ ಮೊದಲೇ ಶುರು ಮಾಡುತ್ತಿದ್ದ: "ಬಂದ ನೋಡಿ ರಕ್ತ ಹೀರುವವ! ಉಂಬಳ ಆದ್ರೆ ಮಳೆಗಾಲದಲ್ಲಿ ಮಾತ್ರ ಬರುದು. ಇವ ಹನ್ನೆರಡು ತಿಂಗಳೂ ಬರ್ತಾನೆ."

ಆಮೇಲೆ ಪ್ರತಿ ಸಲವೂ ಒಂದು ಪ್ರಶ್ನೆ ಕೇಳುತ್ತಿದ್ದ. "ಹೋದ ಸರ್ತಿ ಕೊಟ್ಟ ರಕ್ತ ಎಂತಾಯ್ತು ಮಾರಾಯ? ಒಂದು ಕಾಗದ ಆದ್ರೂ ಬಂತಾ?"

ಕಾಗದ ಬರುವುದಿಲ್ಲ. ರೋಗ ಇದ್ದರೆ ಮಾತ್ರ ಬರುತ್ತದೆ. ಇಲ್ಲದವರ ರಕ್ತ ಏನಾಯಿತೆಂದು ನಮಗೂ ಯಾರೂ ಹೇಳುತ್ತಿರಲಿಲ್ಲ. ಹಾಗಾಗಿ ಎರಡನೆಯ ಸಲ ಬೆರಳು ಕೊಡುವವರು ಕಡಿಮೆ. ಕೊಡದಿದ್ದರೆ ಗಾಜುಗಳನ್ನಿಡುವ ನನ್ನ ಪೆಟ್ಟಿಗೆ ಖಾಲಿ, ಖಾಲಿ ಪೆಟ್ಟಿಗೆ ತಂದವನಿಗೆ ಆಫೀಸಿನಲ್ಲಿ ಎಲ್ಲರ ಎದುರು ಬೈಗಳು.

ಅದಕ್ಕೆ ನಾನು ಒಂದು ದಾರಿ ಕಂಡುಕೊಂಡೆ. ಚುಚ್ಚಿಸಿಕೊಳ್ಳದವರ ಹೆಸರಿಗೆ ನನ್ನದೇ ರಕ್ತ. ತೋಡಿನ ಬದಿಯ ಕಲ್ಲಿನ ಮೇಲೆ ಕೂತು ಎಡಗೈ ಬೆರಳು ಚುಚ್ಚಿಕೊಳ್ಳುವುದು, ಗಾಜಿಗೆ ಸವರುವುದು, ಅವರ ನಂಬರು ಬರೆಯುವುದು. ಯಾರಿಗೂ ನಷ್ಟವಿಲ್ಲ ಎಂದು ನನ್ನ ಲೆಕ್ಕ. ನನಗೆ ರೋಗ ಇಲ್ಲ, ಅವರಿಗೂ ಇರಲಿಕ್ಕಿಲ್ಲ.

ಏರಿನ ಕೊನೆಯಲ್ಲಿ ಒಂದು ಗೌಡರ ಮನೆ ಇತ್ತು. ಅವರು ತಮ್ಮೊಳಗೆ ಅರೆಭಾಷೆ ಮಾತಾಡುತ್ತಿದ್ದರು, ನನ್ನ ಹತ್ತಿರ ಕನ್ನಡ. ಮನೆಯ ಯಜಮಾನಿ ಗಟ್ಟಿ ಹೆಂಗಸು. ಮಗಳು ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು, ದಿನ ತುಂಬುತ್ತಾ ಬಂದಿತ್ತು. ಆ ಮಗಳಿಗೆ ಎರಡು ದಿನ ಮೈ ಬಿಸಿ ಇತ್ತೆಂದು ತಾಯಿಯೇ ಬಾಯಿ ತಪ್ಪಿ ಹೇಳಿದರು. ನಾನು ಹೆಸರು ಬರೆದುಕೊಂಡು ಸೂಜಿ ತೆಗೆದೆ.

"ಅದು ಒಳಗೆ ಇಡು," ಎಂದರು. "ತುಂಬಿದ ಬಸುರಿಯ ಮೈಗೆ ಕಬ್ಬಿಣ ತಾಗಿಸ್ಲಿಕ್ಕೆ ಆಗುದಿಲ್ಲ."

"ಒಂದು ಹನಿ ಅಲ್ವಾ ಅವ್ವ, ತೆಗೀಲಿ," ಎಂದಳು ಮಗಳು.

"ನೀನು ಬಾಯಿ ಮುಚ್ಚು. ಒಂದು ಹನಿಯಂತೆ! ಇವಂಗೇನು, ಹೆರ್ಲಿಕ್ಕುಂಟಾ?"

ಇಷ್ಟು ಹೇಳಿ ತಾಯಿ ದನದ ಹಟ್ಟಿಯ ಕಡೆ ಹೋದರು. ನಾನು ಮಗಳ ಮುಖ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. ಬೇಡ, ಅವ್ವನ ಮಾತು ಮೀರುವುದು ಬೇಡ. ಸರಿ ಎಂದು ಇಳಿದು ಬಂದೆ. ಹೆಸರು ಆಗಲೇ ಬರೆದಾಗಿತ್ತು. ಕಲ್ಲಿನ ಮೇಲೆ ಕೂತು ಬೆರಳು ಚುಚ್ಚಿಕೊಂಡೆ. ಆ ವಾರ ನನ್ನ ರಕ್ತ ಹೋದದ್ದು ಅದೊಂದೇ ಗಾಜಿಗೆ.

ಆ ದಿನಗಳಲ್ಲಿ ನನಗೆ ತುಂಬಾ ಆಯಾಸ. ಮಧ್ಯಾಹ್ನ ಕಳೆದ ಮೇಲೆ ಮೈ ನಡುಗುವುದು, ಆಮೇಲೆ ಬೆವರು, ಆಮೇಲೆ ಹಗುರ. ಮರುದಿನ ಏನೂ ಇಲ್ಲ, ಅದರ ಮರುದಿನ ಮತ್ತೆ ಅದೇ. ನಡೆದು ನಡೆದು ಹೀಗಾಗುತ್ತದೆ ಎಂದುಕೊಂಡೆ. ದಿನಕ್ಕೆ ನೂರು ಸಲ ಬೇರೆಯವರಿಗೆ ಜ್ವರ ಉಂಟೋ ಎಂದು ಕೇಳುವವನು ನಾನು. ನನ್ನನ್ನು ಕೇಳುವ ಮನೆ ಯಾವುದೂ ಇರಲಿಲ್ಲ.

ಹತ್ತು ದಿನ ಕಳೆದು ಆಫೀಸಿಗೆ ಹೋದಾಗ ಇನ್ಸ್‌ಪೆಕ್ಟರು ಒಂದು ಕಾಗದ ಹಿಡಿದು ನಿಂತಿದ್ದರು. ಪಿಂಚಣಿಗೆ ಹತ್ತಿರ ಬಂದ ಸಣಕಲು ಮನುಷ್ಯ, ಕಾಲಿನಲ್ಲಿ ಆಣಿ, ಯಾವಾಗಲೂ ಕೊಡೆ.

"ಸಿಕ್ಕಿತು ಮಾರಾಯ! ನಿನ್ನ ಊರಿನಲ್ಲಿ ಒಂದು ಕೇಸು. ಇಷ್ಟು ದಿನ ಯಾರಿಗೂ ಸಿಗ್ಲಿಲ್ಲ. ಒಳ್ಳೆ ಕೆಲಸ ಮಾಡಿದಿ."

ಕಾಗದದಲ್ಲಿ ಕೆಂಪು ಶಾಯಿಯಲ್ಲಿ ಆ ಮಗಳ ಹೆಸರು. ನನಗೆ ಆ ಕ್ಷಣವೇ ತಿಳಿಯಿತು. ರೋಗ ಅವಳದ್ದಲ್ಲ, ನನ್ನದು. ಬಾಯಿ ತೆರೆದೆ. ಆದರೆ ಆ ಆಫೀಸಿನಲ್ಲಿ ನನ್ನನ್ನು ಯಾರೂ ಅದುವರೆಗೆ ಒಳ್ಳೆಯದು ಎಂದಿರಲಿಲ್ಲ. ಬಾಯಿ ಮುಚ್ಚಿದೆ.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ಬಸ್ಸಿನಲ್ಲಿ ಹೇಳುತ್ತೇನೆ ಎಂದುಕೊಂಡೆ, ಅವರು ನಿದ್ದೆ ಮಾಡಿದರು. ಗುತ್ತಿಗಾರಿನಲ್ಲಿ ಚಾ ಕುಡಿಯುವಾಗ ಹೇಳುತ್ತೇನೆ ಎಂದುಕೊಂಡೆ, ಅವರು ಆಣಿಯ ವಿಷಯ ತೆಗೆದರು. ಏರು ಹತ್ತುವಾಗ ಇಬ್ಬರಿಗೂ ಉಸಿರಿರಲಿಲ್ಲ.

ಯಜಮಾನಿ ಬೆಲ್ಲ, ನೀರು ತಂದಿಟ್ಟರು. ಇನ್ಸ್‌ಪೆಕ್ಟರು ಬೆಲ್ಲ ಕಚ್ಚಿ ನೀರು ಕುಡಿದು ಕಾಗದ ಬಿಚ್ಚಿ ಹೆಸರು ಓದಿದರು. ಆಮೇಲೆ ಮಗಳು ಬಾಗಿಲ ಹತ್ತಿರ ಬಂದು ನಿಂತಳು. ಅವರು ಹೊಟ್ಟೆ ನೋಡಿದರು, ನನ್ನನ್ನು ನೋಡಿದರು.

"ಬಸುರಿ ಅಂತ ಹೇಳ್ಲಿಲ್ಲ ನೀನು?"

ಉತ್ತರಕ್ಕೆ ಕಾಯದೆ ಅವರು ಯಜಮಾನಿಯ ಕಡೆ ತಿರುಗಿದರು.

"ಅಮ್ಮ, ಇವರ ರಕ್ತದಲ್ಲಿ ಮಲೇರಿಯ ಉಂಟು. ರೋಗ ಪೂರ್ತಿ ತೆಗೆಯುವ ದೊಡ್ಡ ಮಾತ್ರೆ ಬಸುರಿಗೆ ಕೊಡ್ಲಿಕ್ಕೆ ಆಗುದಿಲ್ಲ. ಜ್ವರ ಏರಿದ್ರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ. ಹೆರಿಗೆ ಇಲ್ಲಿ ಬೇಡ. ನಾಳೆಯೇ ಕುರ್ಚಿ ಕಟ್ಟಿ ಹೊತ್ತುಕೊಂಡು ಇಳಿಸಿ, ಬಸ್ಸಿನಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಯಜಮಾನಿ ಅಲ್ಲಿಯೇ ಕೂತರು. "ನಾಳೆಯಾ? ಈ ಇಳಿಜಾರಿನಲ್ಲಿ? ದಾರಿಯಲ್ಲೇ ನೋವು ಬಂದ್ರೆ ಎಂತ ಮಾಡುದು ಮಾರಾಯ್ರೆ?" ಆಮೇಲೆ ಏನೋ ಹೊಳೆದಂತೆ ಮಗಳ ಕಡೆ ತಿರುಗಿದರು. "ಇವಳ ರಕ್ತ ತೆಗಿಲಿಕ್ಕೆ ನಾನು ಬಿಡ್ಲೇ ಇಲ್ಲ. ನಾನು ಹಟ್ಟಿಗೆ ಹೋದಾಗ ಕೊಟ್ಟಿಯಾ ನೀನು?"

"ಇಲ್ಲ ಅವ್ವ."

"ಸುಳ್ಳು ಹೇಳ್ಬೇಡ. ಕೊಡ್ತೇನೆ ಅಂತ ಆಗ್ಲೇ ಹೇಳಿದ್ದಿ. ಕಬ್ಬಿಣ ತಾಗಿಸಿಯೇ ಹೀಗಾದ್ದು!"

"ಕೊಡ್ಲಿಲ್ಲ ಅವ್ವ!"

"ಮತ್ತೆ ಸರ್ಕಾರದ ಕಾಗದ ಸುಳ್ಳಾ?"

ಮಗಳ ಕಣ್ಣಲ್ಲಿ ನೀರು ಬಂತು. ನನ್ನ ಕಡೆ ಕೈ ತೋರಿಸಿದಳು. "ಇವರತ್ರವೇ ಕೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೊಟ್ಟಳು ಎಂದರೆ ಆಯಿತು. ಕಾಗದ ನನ್ನ ಪರ. ನಾಳೆ ನಾಲ್ಕು ಜನ ಅವಳನ್ನು ಕುರ್ಚಿಯಲ್ಲಿ ಹೊತ್ತು ಆ ಜಾರುವ ಕಲ್ಲುದಾರಿಯಲ್ಲಿ ಇಳಿಯುತ್ತಾರೆ. ಇಲ್ಲದ ರೋಗಕ್ಕೆ.

"ಅವರು ಕೊಡ್ಲಿಲ್ಲ," ಎಂದೆ. "ಆ ರಕ್ತ ನನ್ನದು."

ಇನ್ಸ್‌ಪೆಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಎಡಗೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದರು. ತುದಿಗಳಲ್ಲಿ ಸೂಜಿಯ ಕಲೆಗಳು ರಾಗಿ ಚೆಲ್ಲಿದ ಹಾಗೆ ಇದ್ದವು.

"ನನ್ನ ರಿಜಿಸ್ಟ್ರಿನಲ್ಲಿ ನೀನು ಎಷ್ಟು ಜನ ಇದ್ದಿ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

ಯಜಮಾನಿ ಎದ್ದರು. "ನಿನ್ನ ಬಾಯಿಗೆ ಮಣ್ಣು ಬೀಳ! ನಿನ್ನ ರೋಗ ಹಾಕ್ಲಿಕ್ಕೆ ನನ್ನ ಮಗಳ ಹೆಸರೇ ಸಿಕ್ಕಿದ್ದಾ?" ಇನ್ನೂ ತುಂಬಾ ಬೈದರು. ಬೈದು ಮುಗಿಸಿದ ಮೇಲೆ ಅವರಿಗೆ ಬೇರೆ ಹೆದರಿಕೆ ಹಿಡಿಯಿತು. ಮಗಳಿಗೂ ಎರಡು ದಿನ ಜ್ವರ ಇದ್ದದ್ದು ನಿಜವಲ್ಲವೇ? "ಮಾರಾಯ್ರೆ, ಈಗ ನೀವೇ ತೆಗಿರಿ ಅವಳದ್ದು. ನನ್ನ ಕಣ್ಣೆದುರೇ ತೆಗಿರಿ."

"ನಾನು ಕೊಡುದಿಲ್ಲ," ಎಂದಳು ಮಗಳು. "ಕೊಡದೆಯೇ ಇಷ್ಟು ರೋಗ ಬಂತು. ಕೊಟ್ರೆ ಇನ್ನೆಂತ ಬರುದೋ!"

ಹೇಳಿ ಒಳಗೆ ಹೋದಳು. ತಾಯಿ ಹಿಂದೆಯೇ ಹೋಗಿ ಕರೆದರು. ಬರಲಿಲ್ಲ. ಜ್ವರ ತಿರುಗಿ ಬಂದರೆ ತಡಮಾಡದೆ ಹೇಳಿ ಕಳಿಸಿ ಎಂದು ಇನ್ಸ್‌ಪೆಕ್ಟರು ಮೂರು ಸಲ ಹೇಳಿದರು. ಅವಳಿಗೆ ಆಮೇಲೆ ಆ ಮನೆಯಲ್ಲಿಯೇ ಹೆರಿಗೆ ಆಯಿತಂತೆ. ಗುತ್ತಿಗಾರಿನ ಚಾ ಅಂಗಡಿಯಲ್ಲಿ ಕೇಳಿದ ಸುದ್ದಿ. ತಾಯಿ, ಮಗು ಕ್ಷೇಮ ಎಂದರು.

ಆ ದಿನ ಇನ್ಸ್‌ಪೆಕ್ಟರು ಆ ಮನೆಯ ಜಗಲಿಯಲ್ಲಿಯೇ ನನ್ನನ್ನು ಕೂರಿಸಿ ಬೆರಳು ಚುಚ್ಚಿದರು, ಗಾಜಿನ ಮೇಲೆ ನನ್ನ ಹೆಸರು ಬರೆದರು. ಮೂರು ವರ್ಷದಲ್ಲಿ ಅದು ಮೊದಲ ಸಲ. ಮಾತ್ರೆ ಅಂಗೈಗೆ ಹಾಕಿ "ನುಂಗು" ಎಂದರು. ಯಜಮಾನಿ ನೀರಿನ ಚೆಂಬು ತಂದು ನನ್ನಿಂದ ಒಂದು ಮಾರು ದೂರದಲ್ಲಿ ಕುಕ್ಕಿದರು.

ಇನ್ನು ಪುತ್ತೂರಿಗೆ ಹಿಂದೆ ಹೋಗುತ್ತೇವೆ ಎಂದುಕೊಂಡಿದ್ದೆ. ಇನ್ಸ್‌ಪೆಕ್ಟರು ರಿಜಿಸ್ಟರು ಬಿಚ್ಚಿ ಪೆನ್ಸಿಲು ನನ್ನ ಕೈಗೆ ಕೊಟ್ಟರು. "ನೀನು ಇರುವಲ್ಲಿಗೆಲ್ಲ ಗುರುತು ಹಾಕು. ಆ ಮನೆಗಳಿಗೆ ಹೋಗುವಾ. ಅದರೊಳಗೆ ನಿಜವಾಗಿ ಜ್ವರ ಇದ್ದವ ಒಬ್ಬ ಇದ್ರೆ, ಅವ ಸತ್ತ್ರೂ ನಮಗೆ ಗೊತ್ತಾಗ್ಲಿಕ್ಕಿಲ್ಲ."

ಇದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಗುರುತು ಹಾಕುತ್ತಾ ಹೋದೆ. ಇದು ನಾನು. ಇದು ನಾನು. ಇದು ಅವರದ್ದೇ. ಇದು ನೆನಪಿಲ್ಲ. ನೆನಪಿಲ್ಲದ್ದಕ್ಕೂ ಹಾಕು ಎಂದರು.

ಎರಡು ದಿನ ಸುತ್ತಿದೆವು. ಅವರು ಕುಂಟುತ್ತಾ ಮುಂದೆ, ನಾನು ನಡುಗುತ್ತಾ ಹಿಂದೆ. ಕೆಲವರು ಕೊಟ್ಟರು. ಕೊನೆಗೆ ಆ ಅಜ್ಜನ ಮನೆ. ಇನ್ಸ್‌ಪೆಕ್ಟರು ಅರ್ಧ ಗಂಟೆ ಕೇಳಿಕೊಂಡರು. ಅಜ್ಜ ಕೈ ಹಿಂದೆ ಕಟ್ಟಿ ನಿಂತವನು ಬಿಚ್ಚಲಿಲ್ಲ.

"ನಿಮ್ಮವನೇ ಇಷ್ಟು ದಿನ ಕೊಟ್ಟಿದ್ದಾನಲ್ಲ, ಸಾಕು," ಎಂದ. ಸುದ್ದಿ ನಮಗಿಂತ ಮೊದಲೇ ಏರು ಹತ್ತಿತ್ತು.

ಇನ್ಸ್‌ಪೆಕ್ಟರು ಬೆವರು ಒರೆಸಿಕೊಂಡು ರಿಜಿಸ್ಟರು ತೆಗೆದರು. ಅಜ್ಜನ ಹೆಸರಿನ ಎದುರು ರಕ್ತ ಕೊಡಲಿಲ್ಲ ಎಂದು ಬರೆದು ಕೆಳಗೆ ತಮ್ಮ ಸಹಿ ಹಾಕಿದರು.

"ಆಫೀಸಿನಲ್ಲಿ ನಿಮಗೆ ಬೈತಾರೆ ಸಾರ್," ಎಂದೆ.

"ಬೈಲಿ," ಎಂದರು. ಕೊಡೆ ಊರಿಕೊಂಡು ಎದ್ದು ತಡಮೆ ದಾಟಿದರು. ನಾನು ಪೆಟ್ಟಿಗೆ ಎತ್ತಿಕೊಂಡೆ.